ಹಲಗೆಯ ಎಡ ಅಂಚಿನಲ್ಲಿ ಸೌಲ

12 ಅಕ್ಟೋಬರ್ 2023, ಗುರುವಾರ
ವಿಯೆನ್ನಾ

ಗುರುವಾರಗಳಂದು ಇಲ್ಲಿನ ಕುನ್ಸ್ಟ್‌ಹಿಸ್ಟಾರಿಷಸ್ ಮ್ಯೂಸಿಯಂ ರಾತ್ರಿ ಒಂಬತ್ತರವರೆಗೆ ತೆರೆದಿರುವುದರಿಂದ ಸಂಜೆ ನಿಧಾನವಾಗಿಯೇ ಹೊರಟೆ. ಹದಿನಾರನೆಯ ಶತಮಾನದ ಫ್ಲೆಮಿಶ್ ಚಿತ್ರಕಾರ ಹಿರಿಯ ಪೀಟರ್ ಬ್ರೂಗೆಲನ ಕೃತಿಗಳಿರುವ ಕೋಣೆಯಲ್ಲಿ ಜನರೆಲ್ಲ ಅವನ ‘ಬಾಬೆಲ್ ಗೋಪುರ’ ಚಿತ್ರದ ಮುಂದೆ ನೆರೆದಿದ್ದರು. ನಾನು ನೋಡಬೇಕೆಂದು ಬಂದದ್ದು ಅದಕ್ಕಿಂತ ಒಂದು ವರ್ಷ ಮೊದಲು, 1562ರಲ್ಲಿ, ಅವನು ಬರೆದ ‘ಸೌಲನ ಆತ್ಮಹತ್ಯೆ’ಯನ್ನು. ಸೌಲ ಬೈಬಲಿನಲ್ಲಿ ಬರುವ ಇಸ್ರಾಯೇಲ್ಯರ ಮೊದಲ ಅರಸ; ಫಿಲಿಷ್ಟಿಯರ ವಿರುದ್ಧದ ಯುದ್ಧದಲ್ಲಿ ಸತ್ತವನು. ಮರದ ಹಲಗೆಯ ಮೇಲಿನ ಈ ತೈಲಚಿತ್ರದ ಎತ್ತರ 33.5 ಸೆಂಟಿಮೀಟರ್, ಅಗಲ 55. ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದಷ್ಟು ಚಿಕ್ಕದು.

ಇಷ್ಟು ಜಾಗದಲ್ಲಿ ಎರಡು ಸೈನ್ಯಗಳಿವೆ. ಕೊಯ್ಲಿಗೆ ಬಂದ ಜೋಳದ ಹೊಲದಂತೆ ಒತ್ತಾಗಿ ನಿಂತ ಈಟಿಗಳು, ಅವುಗಳ ಕೆಳಗೆ ಸಾಸಿವೆ ಕಾಳಿನಷ್ಟು ಶಿರಸ್ತ್ರಾಣಗಳು, ಆಚೆ ಏನೂ ನಡೆದಿಲ್ಲವೆಂಬಂತೆ ಹೊಳೆಯುವ ನದಿ. ಎಲ್ಲರೂ ಬ್ರೂಗೆಲನ ಕಾಲದ ಯೂರೋಪಿನ ಕವಚಗಳನ್ನೇ ತೊಟ್ಟಿರುವುದರಿಂದ ಇಸ್ರಾಯೇಲ್ಯರು ಯಾರು, ಫಿಲಿಷ್ಟಿಯರು ಯಾರು ಎಂಬುದು ನನಗೆ ಬಹಳ ಹೊತ್ತು ತಿಳಿಯಲಿಲ್ಲ. ಈ ಸೂಕ್ಷ್ಮವಾದ ಕೈ ಅವನಿಗೆ ಆಂಟ್‌ವರ್ಪ್‌ನಲ್ಲಿ ಪ್ರಕಾಶಕ ಹಿಯೆರೊನಿಮಸ್ ಕಾಕ್‌ನ ಮುದ್ರಣಚಿತ್ರಗಳಿಗಾಗಿ ವರ್ಷಗಟ್ಟಲೆ ರೇಖಾಚಿತ್ರ ಬರೆದುಕೊಟ್ಟದ್ದರಿಂದ ಬಂದಿರಬೇಕು.

ಸೌಲನನ್ನಂತೂ ಹುಡುಕಿಯೇ ಕಾಣಬೇಕು. ಎಡ ಅಂಚಿನ ಬಂಡೆಯ ಮೇಲೆ, ಕಾಳಗಕ್ಕೆ ಬೆನ್ನಾದ ಮೂಲೆಯಲ್ಲಿ ಅವನು ಬಿದ್ದಿದ್ದಾನೆ. ಪಕ್ಕದಲ್ಲೇ ಅವನ ಆಯುಧವಾಹಕ. ಬಿಲ್ಲುಗಾರರಿಂದ ತೀವ್ರವಾಗಿ ಗಾಯಗೊಂಡ ಅರಸ ತನ್ನನ್ನು ಕೊಲ್ಲೆಂದು ಕೇಳಿದಾಗ ಭಯದಿಂದ ಒಪ್ಪದ ಆಳು, ಅರಸ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತದ್ದನ್ನು ಕಂಡು, ತಾನೂ ಹಾಗೆಯೇ ಬಿದ್ದ ಕಥೆ ಬೈಬಲಿನ ಒಂದನೆಯ ಸಮುವೇಲ ಗ್ರಂಥದ 31ನೆಯ ಅಧ್ಯಾಯದಲ್ಲಿದೆ. ನೋಡುವವರು ತಪ್ಪಿಸಿಕೊಂಡಾರು ಎಂಬ ಅನುಮಾನ ಕಲಾವಿದನಿಗೂ ಇದ್ದಿತೇನೋ, ಸೌಲನ ಹೆಸರನ್ನೂ ಅಧ್ಯಾಯದ ಸಂಖ್ಯೆಯನ್ನೂ ಹಲಗೆಯ ಮೇಲೆಯೇ ಬರೆದಿದ್ದಾನೆ. ಅರಸನ ಸಾವನ್ನು ಹೀಗೆ ಬದಿಗೆ ಸರಿಸಿದ್ದನ್ನು ಅಹಂಕಾರಕ್ಕೆ ಸಂದ ಶಿಕ್ಷೆಯೆಂದು ಓದುವವರಿದ್ದಾರೆ. ನನಗೆ ಹಾಗೆನಿಸಲಿಲ್ಲ. ಕೆಳಗಿನ ಸಾವಿರಾರು ಮಂದಿಗೆ ಅರಸ ಇಲ್ಲವೆಂಬ ಸುದ್ದಿ ಇನ್ನೂ ತಲುಪಿಲ್ಲ; ಅವರು ಕಾದಾಡುತ್ತಲೇ ಇದ್ದಾರೆ. ಅಷ್ಟನ್ನು ಹೇಳಲು ಅವನು ಅಂಚಿನಲ್ಲೇ ಇರಬೇಕಿತ್ತು.

ಇನ್ನೊಂದನ್ನು ಗಮನಿಸಿದ್ದು ಹೊರಡುವ ಮುನ್ನ. ಫಿಲಿಷ್ಟಿಯರು ಗಿಲ್ಬೋವ ಬೆಟ್ಟದಲ್ಲಿ ಸೌಲನ ಹೆಣವನ್ನು ಕಂಡದ್ದು ಮರುದಿನ ಎಂದು ಗ್ರಂಥ ಹೇಳುತ್ತದೆ. ಬ್ರೂಗೆಲ್ ನಡುವಿನ ಆ ರಾತ್ರಿಯನ್ನು ತೆಗೆದುಹಾಕಿದ್ದಾನೆ: ಅವರು ಆಗಲೇ ಬಂಡೆಯ ಹಾದಿ ಹತ್ತಿ ಬರುತ್ತಿದ್ದಾರೆ. ತಲೆ ಕಡಿಯುವುದು, ದೇಹವನ್ನು ಬೇತ್‌ಷಾನಿನ ಗೋಡೆಗೆ ತೂಗುಹಾಕುವುದು ಎಲ್ಲ ಇನ್ನು ಕೆಲವು ಹೆಜ್ಜೆಗಳ ಆಚೆಗಿದೆ.