ಬಳೆ ಪರ್ಸಿನಲ್ಲಿ, ಮಾರ್ಕ್ಸ್ ಕಾರ್ಡ್ ಕೈಯಲ್ಲಿ

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಿಂದ ಇಂಟರ್‌ವ್ಯೂಗೆ ಫೋನ್ ಬಂದಾಗ ನನ್ನ ಜಿಡಿಎ ಕೋರ್ಸ್ ಮುಗಿದು ಎರಡು ತಿಂಗಳಾಗಿತ್ತು. ಜಿಡಿಎ ಅಂದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್. ರೋಗಿಗಳ ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಕೊಡುವುದು, ಬಿಪಿ ನೋಡಿ ಸಿಸ್ಟರ್‌ಗೆ ಹೇಳುವುದು. ನಮ್ಮೂರಲ್ಲಿ ಇಷ್ಟೆಲ್ಲಾ ಯಾರು ಕೇಳುತ್ತಾರೆ? ‘ಓ, ಆಯಾ ಕೆಲಸನಾ’ ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ.

ಒಂದು ವಾರ ನೋಟ್ಸ್ ಉರುಹೊಡೆದೆ. ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20. ಹಾಸಿಗೆ ಹಿಡಿದವರನ್ನು 2 ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಆಸ್ಪತ್ರೆ ಕಸದ ಬುಟ್ಟಿಗಳ ಬಣ್ಣದ್ದೇ ತಲೆನೋವು. ರಕ್ತ ಮೆತ್ತಿದ ಹತ್ತಿ ಹಳದಿಗೆ, ಗ್ಲೌಸ್ ಮತ್ತು ಡ್ರಿಪ್ ಪೈಪು ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ತಮ್ಮನನ್ನು ಮಂಚದ ಮೇಲೆ ಮಲಗಿಸಿ, ಅವನು ಮಲಗಿದ ಹಾಗೇ ಬೆಡ್‌ಶೀಟ್ ಬದಲಿಸಿ ಅಭ್ಯಾಸ ಮಾಡಿದೆ. ನಗು ತಡೆಯಲಾಗದೆ ಎರಡು ಸಲ ಎದ್ದು ಓಡಿದ.

ಉಗುರು ಕತ್ತರಿಸಿರಬೇಕು, ಕೈಯಲ್ಲಿ ಬಳೆ ಉಂಗುರ ಇರಬಾರದು ಅಂತ ಕೋರ್ಸ್‌ನಲ್ಲಿ ಹೇಳಿದ್ದರು. ರೋಗಾಣು ಕೂರುವ ಜಾಗ ಅವು. ಅವ್ವ ಕೇಳಬೇಕಲ್ಲ! ‘ಒಳ್ಳೆ ಕೆಲಸಕ್ಕೆ ಹೊಂಟೀಯ, ಬೋಳುಗೈಯಾಗೆ ಹೋಗ್ತೀಯೇನೆ?’ ಸುಮ್ನೆ ಹಾಕಿಕೊಂಡೇ ಹೊರಟೆ. ಬಸ್ಸಿನಲ್ಲಿ ಒಂದೊಂದೇ ತೆಗೆದು ಪರ್ಸಿಗೆ ಹಾಕಿದೆ.

ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ನಾಡಿ, ಉಸಿರು ಏನೂ ಕೇಳಲಿಲ್ಲ. ‘ಸಿಸ್ಟರ್ ಬಿಜಿ ಇದ್ದಾರೆ. ಈ ಇಂಜೆಕ್ಷನ್ ನೀನೇ ಕೊಟ್ಟುಬಿಡು ಅಂದ್ರೆ ಏನು ಮಾಡ್ತೀಯಮ್ಮಾ?’

‘ಕಲಿತುಕೊಂಡು ಕೊಡ್ತೀನಿ ಮೇಡಂ’ ಅಂದುಬಿಟ್ಟೆ. ಉತ್ಸಾಹ ತೋರಿಸಬೇಕು, ಅಲ್ವಾ?

ಮೇಡಂ ಪೆನ್ನು ಕೆಳಗಿಟ್ಟರು. ‘ಇಂಜೆಕ್ಷನ್, ಮಾತ್ರೆ ನಿನ್ನ ಕೆಲಸ ಅಲ್ಲ. ಯಾರೇ ಹೇಳಲಿ, ಆಗಲ್ಲ ಅನ್ನಬೇಕು.’

ಹೋಯ್ತು ಕೆಲಸ ಅಂದುಕೊಂಡೆ. ಆದರೂ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಮಂಚದ ಮೇಲೆ ಒಂದು ಗೊಂಬೆ. ಕೈ ತೊಳೆದೆ, ಗ್ಲೌಸ್ ಹಾಕಿದೆ, ಗೊಂಬೆಯನ್ನು ಹೊರಳಿಸಿ ಒಂದು ಸುಕ್ಕೂ ಇಲ್ಲದ ಹಾಗೆ ಬೆಡ್‌ಶೀಟ್ ಬದಲಿಸಿದೆ. ಗ್ಲೌಸ್ ಕೆಂಪು ಬುಟ್ಟಿಗೇ ಹಾಕಿದೆ. ಮನಸ್ಸಿನಲ್ಲೇ ತಮ್ಮನಿಗೆ ಥ್ಯಾಂಕ್ಸ್ ಹೇಳಿದೆ.

‘ಅವರ ಜೊತೆ ಮಾತೇ ಆಡಲಿಲ್ಲವಲ್ಲ?’

‘ಯಾರ ಜೊತೆ ಮೇಡಂ?’

ಅವರು ಗೊಂಬೆ ತೋರಿಸಿದರು. ‘ಹೇಳದೆ ಕೇಳದೆ ಯಾರೋ ಬಂದು ನಿನ್ನನ್ನ ಹೊರಳಿಸಿದ್ರೆ ಹೆದರಲ್ವಾ?’

ಎರಡನೇ ಸಲ ‘ಅಜ್ಜಾ, ಸ್ವಲ್ಪ ಎಡಗಡೆ ಹೊರಳಿಸ್ತೀನಿ, ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ’ ಅಂದೆ. ಗೊಂಬೆಗೆ ಅಜ್ಜ ಅನ್ನಲು ಎಷ್ಟು ನಾಚಿಕೆಯಾಯಿತೆಂದರೆ, ಇಂಜೆಕ್ಷನ್ ಪ್ರಶ್ನೆಯೇ ವಾಸಿ ಅನ್ನಿಸಿತು.

ಆಮೇಲೆ ಎಚ್‌ಆರ್. ಸಂಬಳ, ಪಿಎಫ್, ಇಎಸ್‌ಐ, ಮೂರು ಶಿಫ್ಟ್ ಎಲ್ಲಾ ಬೇಗ ಬೇಗ ಹೇಳಿದರು. ಕೊನೆಗೆ, ‘ಎಸ್‌ಎಸ್‌ಎಲ್‌ಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಒಂದು ವರ್ಷ ನಮ್ಮ ಹತ್ರ ಇರುತ್ತೆ.’ ಮಧ್ಯದಲ್ಲಿ ಬಿಟ್ಟು ಹೋಗದಂತೆ ಹಗ್ಗ ಹಾಕುವುದು, ಇನ್ನೇನು? ಅಪ್ಪನಿಗೆ ಫೋನ್ ಮಾಡಿ ಕೇಳೋಣ ಅನ್ನಿಸಿತು. ಅಷ್ಟರಲ್ಲಿ ಅರ್ಧ ಗಂಟೆ ಹಿಂದೆ ಕಲಿತ ಮಾತೇ ಬಾಯಿಗೆ ಬಂತು.

‘ಆಗಲ್ಲ ಸರ್. ಒರಿಜಿನಲ್ ತೋರಿಸ್ತೀನಿ, ಜೆರಾಕ್ಸ್ ಇಟ್ಕೊಳ್ಳಿ.’

‘ಫೋನ್ ಮಾಡ್ತೀವಿ’ ಅಂದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ಊರಿಗೆ ಬರುವ ಬಸ್ಸಿನಲ್ಲಿ ಮಾರ್ಕ್ಸ್ ಕಾರ್ಡ್ ಫೈಲು ತೊಡೆ ಮೇಲಿಟ್ಟುಕೊಂಡು ಯೋಚಿಸುತ್ತಾ ಬಳೆ ಮರೆತೇಬಿಟ್ಟೆ. ಬಾಗಿಲಲ್ಲೇ ನಿಂತಿದ್ದ ಅವ್ವ ಕೆಲಸ ಏನಾಯಿತು ಅಂತ ಕೇಳಲಿಲ್ಲ. ಮೊದಲು ನನ್ನ ಕೈ ನೋಡಿದಳು. ಬೈಗುಳ ರಾತ್ರಿ ಊಟದ ತನಕ ನಡೆಯಿತು.

ನಾಲ್ಕನೇ ದಿನ ನಿಜವಾಗಿಯೂ ಫೋನ್ ಬಂತು. ಜೆರಾಕ್ಸ್ ಸಾಕಂತೆ. ರಕ್ತ ಪರೀಕ್ಷೆ, ಪೊಲೀಸ್ ವೆರಿಫಿಕೇಶನ್ ಮುಗಿಸಿ ಸೋಮವಾರದಿಂದ ಬರಬೇಕಂತೆ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಅಲ್ಲೇ ಕೊಟ್ಟರು. ಇನ್ನೆರಡು ಬಾಕಿ ಇವೆ. ಬಳೆ ಈಗಲೂ ಬಸ್ಸಿನಲ್ಲೇ ತೆಗೆಯುತ್ತೇನೆ.