ಐದನೇ ತಿಂಗಳು: ಡಾರ್ವಿನ್ ಮನೆಯ ಸಾವಿನ ಕಾಗದಗಳು

ಈ ತಿಂಗಳು ಮೂರೇ ಕಾಗದ ಮುಗಿದಿವೆ. ಹೋದ ತಿಂಗಳು ಏಳು ಮುಗಿಸಿದ್ದೆ. ಈ ಸಲ 1851ರ ಏಪ್ರಿಲ್‌ಗೆ ಬಂದು ನಿಂತೆ, ಅಲ್ಲಿಂದ ಕೈ ಓಡಲಿಲ್ಲ.

ಹೊಸದಾಗಿ ಓದುವವರಿಗೆ ಒಂದು ಮಾತು. ಚಾರ್ಲ್ಸ್ ಡಾರ್ವಿನ್ ಮತ್ತು ಅವನ ನೆಂಟರು ಸಾವಿನ ಹೊತ್ತಲ್ಲಿ ಒಬ್ಬರಿಗೊಬ್ಬರು ಬರೆದ ಕಾಗದಗಳನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ದಿನಾ ರಾತ್ರಿ ಒಂದು ಗಂಟೆ, ಭಾನುವಾರ ಸ್ವಲ್ಪ ಜಾಸ್ತಿ.

ಆನಿ ಚಾರ್ಲ್ಸ್‌ನ ದೊಡ್ಡ ಮಗಳು. ಹತ್ತು ವರ್ಷ. ಹುಷಾರಿಲ್ಲದ ಅವಳನ್ನು ಇಂಗ್ಲೆಂಡಿನ ಮಾಲ್ವರ್ನ್ ಊರಿಗೆ, ಗಲ್ಲಿ ಎಂಬ ಡಾಕ್ಟರ ನೀರಿನ ಚಿಕಿತ್ಸೆಗೆ ಕಳಿಸಿದ್ದರು. ಅಲ್ಲಿ ಕಾಯಿಲೆ ಜೋರಾಯಿತು. ಅಪ್ಪ ಓಡಿ ಹೋದ. ಅಮ್ಮ ಎಮ್ಮಾ ಕೆಂಟ್‌ನ ಡೌನ್ ಹಳ್ಳಿಯ ಮನೆಯಲ್ಲೇ ಉಳಿಯಬೇಕಾಯಿತು. ಅವಳು ತುಂಬು ಗರ್ಭಿಣಿ. ಹಾಗಾಗಿ ಮಗುವಿನ ಕಾಯಿಲೆಯೆಲ್ಲ ಅವಳಿಗೆ ಕಾಗದದಲ್ಲೇ ತಿಳಿಯಬೇಕಿತ್ತು. ಚಾರ್ಲ್ಸ್ ಮಂಚದ ಪಕ್ಕ ಕೂತು ಗಂಟೆಗಂಟೆಗೂ ಬರೆಯುತ್ತಾನೆ. ಈಗ ವಾಂತಿ ಆಯಿತು, ಈಗ ಒಂದು ಚಮಚ ಕುಡಿದಳು, ಈಗ ನಿದ್ದೆ.

ನಾನು ಮೊದಲು ಇವನ್ನೆಲ್ಲ ಬರೆದ ತಾರೀಖಿನ ಪ್ರಕಾರ ಜೋಡಿಸಿದ್ದೆ. ಜೋರಾಗಿ ಓದಿ ನೋಡಿದರೆ ಏನೋ ಸರಿಯಿಲ್ಲ. ಆಮೇಲೆ ಹೊಳೆಯಿತು. ಟಪಾಲು ಮುಟ್ಟಲು ಒಂದು ದಿನ ಬೇಕು. ಎಮ್ಮಾ ಓದುತ್ತಿದ್ದದ್ದು ನಿನ್ನೆಯ ಮಗುವನ್ನು. 'ಇವತ್ತು ಪರವಾಗಿಲ್ಲ' ಎಂಬ ಸಾಲು ಅವಳ ಕೈಗೆ ಬರುವಾಗ ಅಲ್ಲಿ ಸ್ಥಿತಿ ಬೇರೆಯಾಗಿರಬಹುದು. ಅದಕ್ಕೇ ಈಗ ಪ್ರತಿ ಕಾಗದದ ಮೇಲೆ ಎರಡು ದಿನ ಹಾಕುತ್ತಿದ್ದೇನೆ: ಬರೆದ ದಿನ, ಓದಿರಬಹುದಾದ ದಿನ. ಹತ್ತು ರಾತ್ರಿ ಇದಕ್ಕೇ ಹೋಯಿತು. ಹೋಗಲಿ, ಬೇಕಿತ್ತು.

ಏಪ್ರಿಲ್ 23ರ ಮಧ್ಯಾಹ್ನ ಆನಿ ತೀರಿಕೊಂಡಳು. ಆ ಕಾಗದವನ್ನು ನಾಲ್ಕು ಸಲ ಬರೆದೆ. ಕೊನೆಗೆ ಉಳಿದದ್ದು ಬರೀ ಸಣ್ಣ ಸಾಲುಗಳು. ಅವನೂ ಹಾಗೇ ಬರೆದಿದ್ದಾನೆ. ಅಂತ್ಯಕ್ರಿಯೆಗೆ ನಿಲ್ಲದೆ ಎಮ್ಮಾ ಹತ್ತಿರ ಹೊರಟುಬಿಟ್ಟ. ಮಾಲ್ವರ್ನ್‌ನಲ್ಲಿ ಮಣ್ಣು ಮಾಡುವ ಕೆಲಸವನ್ನು ಎಮ್ಮಾಳ ಅತ್ತಿಗೆ ಫ್ಯಾನಿ ವೆಜ್‌ವುಡ್ ನೋಡಿಕೊಂಡಳು. ಮೇ 13ಕ್ಕೆ ಮಗ ಹೋರೇಸ್ ಹುಟ್ಟಿದ. ಸಂತಾಪದ ಮಾತು, ಬಾಣಂತಿಯ ಸುದ್ದಿ ಎರಡೂ ಒಂದೇ ತಿಂಗಳ ಟಪಾಲಿನಲ್ಲಿ.

ನೆಂಟಸ್ತಿಕೆಯ ಪದಗಳು ಕಷ್ಟ ಆಗುತ್ತವೆ ಅಂದುಕೊಂಡಿದ್ದೆ. ನಿಜವಾಗಿ ಕನ್ನಡವೇ ಇಲ್ಲಿ ಸಲೀಸು. ಎಮ್ಮಾ ಚಾರ್ಲ್ಸ್‌ನ ಸೋದರಮಾವನ ಮಗಳು. ನಮಗೆ ವಿವರಿಸುವ ಅಗತ್ಯವೇ ಇಲ್ಲ, ಅಲ್ವಾ? ಆದರೆ ಫ್ಯಾನಿ ಮತ್ತು ಅವಳ ಗಂಡ ಹೆನ್ಸ್ಲಿಯ ತಾಯಂದಿರು ಒಡಹುಟ್ಟಿದವರು. ನಮ್ಮ ಲೆಕ್ಕದಲ್ಲಿ ಅವರು ಅಕ್ಕ ತಮ್ಮ! ಇದನ್ನು ಮೊದಲ ಪುಟದ ವಂಶವೃಕ್ಷದಲ್ಲಿ ಹೇಳಿ ಮುಂದೆ ಹೋಗಬೇಕು.

ಇನ್ನು ವಿಲಿಯಂ ಡಾರ್ವಿನ್ ಫಾಕ್ಸ್. ಅವನ ತಾಯಿ, ಚಾರ್ಲ್ಸ್‌ನ ತಂದೆ ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಅಂದರೆ ಫಾಕ್ಸ್ ಅತ್ತೆಯ ಮಗ, ವಯಸ್ಸಿನಲ್ಲೂ ದೊಡ್ಡವನು, ಭಾವ ಆಗಬೇಕು. ಒಂದು ಕಾಗದದಲ್ಲಿ 'ಪ್ರಿಯ ಭಾವ' ಎಂದು ಹಾಕಿಯೂ ನೋಡಿದೆ. ಒಪ್ಪಲಿಲ್ಲ, ತೆಗೆದೆ. ಕೇಂಬ್ರಿಜ್‌ನಲ್ಲಿ ಓದುವಾಗ ಇಬ್ಬರೂ ಜೀರುಂಡೆ ಹಿಡಿಯುತ್ತಾ ಅಲೆದವರು. ಹಾಗಾಗಿ 'ಪ್ರಿಯ ಫಾಕ್ಸ್', ಒಳಗೆಲ್ಲ 'ನೀನು'.

1853ರಲ್ಲಿ ಫಾಕ್ಸ್ ಮನೆಯಲ್ಲೂ ಒಂದು ಮಗು ಹೋಯಿತು. ಆಗ ಚಾರ್ಲ್ಸ್ ಬರೆದ ಕಾಗದ ಈ ತಿಂಗಳ ಮೂರನೆಯದು. ದೇವರ ಇಚ್ಛೆ ಅನ್ನುವ ಮಾತೇ ಇಲ್ಲ. ನಮ್ಮ ಮಗುವನ್ನು ನೆನೆದರೆ ನನಗೆ ಇನ್ನೂ ತಡೆಯಲಾಗುವುದಿಲ್ಲ ಎನ್ನುತ್ತಾನೆ. ಕಾಲ ದುಃಖವನ್ನು ಮೆತ್ತಗೆ ಮಾಡುತ್ತದೆ ಎನ್ನುತ್ತಾನೆ. ಅದರ ಜೊತೆಗೇ ಇನ್ನೊಂದು ಕ್ರಿಯಾಪದ ಇಟ್ಟಿದ್ದಾನೆ. ಅದಕ್ಕೆ 'ಮರಗಟ್ಟಿಸುತ್ತದೆ' ಎಂದು ಬರೆದೆ. ಚಳಿಗೆ ಬೆರಳು ಮರಗಟ್ಟಿದ ಹಾಗೆ. ಈ ಪದ ಸಿಕ್ಕ ರಾತ್ರಿ ನನಗೆ ಬಹಳ ಸಮಾಧಾನವಾಯಿತು.

ಕಪ್ಪು ಅಂಚಿನ ಕಾಗದದ ಬಗ್ಗೆ ಒಂದು ಚಿಕ್ಕ ಟಿಪ್ಪಣಿಯೂ ಬರೆದೆ. ಆ ಕಾಲದಲ್ಲಿ ಸೂತಕದ ಮನೆಯವರು ಅಂಥ ಕಾಗದ ಬಳಸುತ್ತಿದ್ದರು. ಒಡೆಯುವ ಮೊದಲೇ ಸುದ್ದಿ ಗೊತ್ತಾಗುತ್ತಿತ್ತು. ಮೂಲೆಗೆ ಅರಿಶಿನ ಹಚ್ಚಿದ ಮದುವೆ ಕಾಗದ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. 1840ರಿಂದ ಅರ್ಧ ಔನ್ಸಿನ ಕಾಗದ ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿ ನಾಣ್ಯಕ್ಕೆ ಹೋಗುತ್ತಿತ್ತು. ಅದಕ್ಕೂ ಮೊದಲು ದೂರ ನೋಡಿ ದರ ಹಾಕುತ್ತಿದ್ದರು, ಸಾಮಾನ್ಯವಾಗಿ ಪಡೆದವರೇ ದುಡ್ಡು ಕೊಡಬೇಕಿತ್ತು.

ಈಗ ಮೇಜಿನ ಮೇಲಿರುವುದು 1863ರ ಸೆಪ್ಟೆಂಬರ್. ಚಾರ್ಲ್ಸ್ ಮತ್ತೆ ಮಾಲ್ವರ್ನ್‌ಗೆ ಹೋಗಿದ್ದಾನೆ. ಎಮ್ಮಾ ಚರ್ಚಿನ ಅಂಗಳಕ್ಕೆ ಹೋಗಿ ಹುಡುಕಿದರೆ ಆನಿಯ ಸಮಾಧಿಯ ಕಲ್ಲು ಕಾಣಲಿಲ್ಲ. ಹಿಂದೆ ಒಮ್ಮೆ ಫಾಕ್ಸ್ ಅದನ್ನು ನೋಡಿ ಬಂದು ಇವರಿಗೆ ತಿಳಿಸಿದ್ದ. ನೀನು ಯಾವ ವರ್ಷ ನೋಡಿದ್ದು ಎಂದು ಚಾರ್ಲ್ಸ್ ಅವನನ್ನೇ ಕೇಳುತ್ತಾನೆ. ಕೊನೆಗೆ ಕಲ್ಲು ಸಿಕ್ಕಿತು. ಅದರ ಮೇಲೆ ಹೆಸರು, ಎರಡು ತಾರೀಖು, ಮುದ್ದಾದ ಒಳ್ಳೆಯ ಮಗು ಎಂಬ ಒಂದು ಸಾಲು. ಆ ಸಾಲಿಗೆ 'ಮುದ್ದಾದ' ಇರಲೋ 'ಅಕ್ಕರೆಯ' ಇರಲೋ, ಇನ್ನೂ ತೀರ್ಮಾನಿಸಿಲ್ಲ.