ಸಿಗರೇಟ್ ವಾಸನೆಯ ಫ್ಲ್ಯಾಟ್: ಟೋಕನ್ ಕೊಡುವ ಮೊದಲು ನೋಡಬೇಕಾದ್ದು

"ಒಂದ್ಸಲ ಪೇಂಟ್ ಹೊಡೆಸಿದ್ರೆ ವಾಸನೆ ಎಲ್ಲಾ ಹೋಗುತ್ತೆ ಬಿಡಿ ಸಾರ್." ರೀಸೇಲ್ ಫ್ಲ್ಯಾಟ್ ತೋರಿಸುವ ಬ್ರೋಕರ್‌ಗಳ ಮಾಮೂಲಿ ಮಾತು ಇದು. ಪೇಂಟಿಂಗ್ ಕೆಲಸದವರಾದ ನಾವೇ ಹೇಳ್ತೀವಿ, ಬರೀ ಪೇಂಟ್‌ಗೆ ಅದು ಹೋಗಲ್ಲ. ವರ್ಷಗಟ್ಟಲೆ ಒಳಗೇ ಸಿಗರೇಟ್ ಸೇದಿದ ಮನೆಯಲ್ಲಿ ವಾಸನೆ ಇರುವುದು ಗೋಡೆ, ಸೀಲಿಂಗ್, ಮರದ ಮೇಲೆಲ್ಲ ಕೂತಿರುವ ಟಾರ್ ಮತ್ತು ನಿಕೋಟಿನ್ ಪದರದಲ್ಲಿ. ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ಹಾಗಾಗಿ ನೇರವಾಗಿ ಎಮಲ್ಷನ್, ಅಂದರೆ ನೀರು ಬೆರೆಸುವ ಪೇಂಟ್ ಹೊಡೆದರೆ ಅದು ಹೊಸ ಬಣ್ಣದೊಳಗೆ ಕರಗಿ ಮೇಲೆದ್ದು ಬರುತ್ತದೆ. ಬಿಳಿ ಸೀಲಿಂಗ್ ಮೇಲೆ ಟೀ ಚೆಲ್ಲಿದಂಥ ಕಲೆ ಮೂಡುತ್ತದೆ, ಗಾಳಿಯಲ್ಲಿ ತೇವ ಏರಿದಾಗ ವಾಸನೆಯೂ ಹಿಂದಿರುಗುತ್ತದೆ.

ಮನೆ ನೋಡಲು ಹೋಗುವಾಗ ಹಿಂದಿನ ದಿನವೇ ಕಿಟಕಿ ಮುಚ್ಚಿಡಲು ಹೇಳಿ. ಊದುಬತ್ತಿ, ರೂಮ್ ಫ್ರೆಶ್‌ನರ್ ಬೇಡ. ಒಳಗೆ ಕಾಲಿಟ್ಟ ಮೊದಲ ಎರಡು ಮೂರು ನಿಮಿಷದ ಮೂಗನ್ನು ನಂಬಿ, ಆಮೇಲೆ ಅದು ಒಗ್ಗಿಹೋಗುತ್ತದೆ. ಗೋಡೆಗೆ ತಗುಲಿಹಾಕಿದ ಫೋಟೊ ಅಥವಾ ಗಡಿಯಾರ ತೆಗೆದು ನೋಡಿ, ಹಿಂದಿನ ಚೌಕ ಬೆಳ್ಳಗಿದ್ದು ಸುತ್ತಲೂ ಹಳದಿಯಾಗಿದ್ದರೆ ಅನುಮಾನ ಪಡಬೇಕು. ಗೋಡೆಗೆ ಹೊಸ ಬಣ್ಣ ಬಿದ್ದಿದ್ದರೆ ಬಾಗಿಲ ಚೌಕಟ್ಟಿನ ಮೇಲ್ಭಾಗ, ಫ್ಯಾನ್ ರೆಕ್ಕೆ, ವಾರ್ಡ್‌ರೋಬ್ ಒಳಗೋಡೆ ನೋಡಿ, ಪೇಂಟರ್ ಅಲ್ಲಿಗೆ ಕೈ ಹಾಕಿರುವುದಿಲ್ಲ. ಒದ್ದೆ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಸಿಗರೇಟ್ ಪದರ ಹಳದಿ-ಕಂದು ಬಣ್ಣದಲ್ಲಿ ಬರುತ್ತದೆ. ದೇವರ ಮನೆ ದೀಪದ ಮಸಿ ಕಪ್ಪಗಿರುತ್ತದೆ. ಅಡುಗೆ ಜಿಡ್ಡೂ ಹಳದಿಯೇ, ಆದರೆ ಕೈಗೆ ಅಂಟುತ್ತದೆ, ಹೆಚ್ಚಾಗಿ ಅಡುಗೆಮನೆಯ ಆಸುಪಾಸಲ್ಲೇ ಇರುತ್ತದೆ. ಹೊಸದಾಗಿ ಬಣ್ಣ ಹೊಡೆದ ಬಾತ್‌ರೂಮಿನಲ್ಲಿ ಕಂದು ಹನಿ ಇಳಿದಿದ್ದರೆ ಅದು ಪೇಂಟಿನೊಳಗಿನ ಸೋಪಿನಂಥ ಅಂಶವೂ ಇರಬಹುದು. ಒಂದೆರಡು ಸಲ ತೊಳೆದರೆ ಹೋಗುತ್ತದೆ.

ಈಗ ಮುಖ್ಯ ಕೆಲಸ, ತೊಳೆಯುವುದು. ಕೂಲಿ ಹೆಚ್ಚು ಬೀಳುವುದೂ ಪೇಂಟರ್‌ಗಳು ಬಿಟ್ಟುಬಿಡುವುದೂ ಇದನ್ನೇ. ಕೆಮಿಕಲ್ ಅಂಗಡಿಯಲ್ಲಿ ಟ್ರೈಸೋಡಿಯಂ ಫಾಸ್ಫೇಟ್ ಎಂಬ ಕ್ಷಾರದ ಪುಡಿ ಸಿಗುತ್ತದೆ, 10 ಲೀಟರ್ ಬಿಸಿನೀರಿಗೆ 200ರಿಂದ 250 ಗ್ರಾಂ. ಸಿಗದಿದ್ದರೆ ವಾಷಿಂಗ್ ಸೋಡಾವೂ ನಡೆಯುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇಬೇಕು. ಅಲ್ಯೂಮಿನಿಯಂ ಕಿಟಕಿ ಫ್ರೇಮಿಗೆ ಮೊದಲೇ ಟೇಪ್ ಹೊಡೆಯಿರಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಸೀಲಿಂಗ್ ಮುಗಿಸಿಕೊಂಡು ಗೋಡೆಗೆ ಬನ್ನಿ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು, ಮೇಲಿನಿಂದ ಶುರು ಮಾಡಿದರೆ ಇಳಿದ ನೀರು ಒಣಗಿದ ಕೊಳೆಯ ಮೇಲೆ ಗೆರೆ ಎಳೆಯುತ್ತದೆ, ಆ ಗೆರೆ ಅಷ್ಟು ಸುಲಭಕ್ಕೆ ಹೋಗಲ್ಲ. ಉಜ್ಜಿದ ಮೇಲೆ ತೊಳೆದು ತೆಗೆಯುವ ಬರೀ ನೀರು ಮಾತ್ರ ಮೇಲಿನಿಂದ ಕೆಳಕ್ಕೆ. ಕ್ಷಾರ ಟಾರನ್ನು ಬಿಡಿಸುತ್ತದೆ. ನಿಕೋಟಿನ್ ಸ್ವತಃ ಕ್ಷಾರ, ಅದಕ್ಕೆ ಆಮ್ಲ ಬೇಕು, ಆದ್ದರಿಂದ ಕೊನೆಯಲ್ಲಿ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಒರೆಸಿ, ಮತ್ತೆ ಬರೀ ನೀರಲ್ಲಿ ಒರೆಸಿ. ಕ್ಷಾರ ಉಳಿದರೆ ಪ್ರೈಮರ್ (ಪೇಂಟ್‌ಗೆ ಮೊದಲು ಹೊಡೆಯುವ ತಳದ ಕೋಟ್) ಹಿಡಿಯುವುದಿಲ್ಲ. ವಿನೆಗರ್ ಕಡಪ ಕಲ್ಲು, ಮಾರ್ಬಲ್ ಮೇಲೆ ಬಿದ್ದರೆ ಹೊಳಪು ತಿನ್ನುತ್ತದೆ, ಬ್ಲೀಚ್ ಜೊತೆ ಸೇರಿದರೆ ವಿಷದ ಅನಿಲ ಬರುತ್ತದೆ.

ಹಳೇ ಡಿಸ್ಟೆಂಪರ್ ಗೋಡೆಗೆ ಈ ವಿಧಾನ ಆಗಲ್ಲ. ನೀರು ತಾಗಿದರೆ ಪುಡಿಪುಡಿಯಾಗಿ ಎದ್ದುಬರುತ್ತದೆ. ಅದನ್ನು ನೀರು ಚಿಮುಕಿಸಿ ಕೆರೆದು ತೆಗೆಯಬೇಕು. ಒಣಗಿದ್ದನ್ನು ಉಜ್ಜಿದರೆ ಆ ಧೂಳೆಲ್ಲ ನಿಮ್ಮ ಎದೆಯೊಳಗೆ.

ಎರಡು ದಿನ ಒಣಗಿಸಿ ಸಾಲ್ವೆಂಟ್ ಬೇಸ್, ಅಂದರೆ ನೀರಿನ ಬದಲು ಥಿನ್ನರ್‌ನಂಥ ದ್ರಾವಕ ಬೆರೆಸುವ ಪ್ರೈಮರ್ ಹೊಡೆಯಿರಿ. ವಾಟರ್ ಬೇಸ್ ಬೇಡ. ಕಲೆ ಜೋರಾಗಿರುವ ಕಡೆ ಅರಗಿನ ಪ್ರೈಮರ್ ಇನ್ನೂ ಗಟ್ಟಿ, ಬಡಗಿಗಳು ಸ್ಪಿರಿಟ್ ಪಾಲಿಶ್‌ಗೆ ಬಳಸುವ ಅದೇ ಅರಗು. ಅಂದಾಜಿಗೆ, 1000 ಚದರಡಿ ಕಾರ್ಪೆಟ್ ಏರಿಯಾದ ಮನೆಗೆ ಸೀಲಿಂಗ್ ಸೇರಿ 3000ದಿಂದ 3500 ಚದರಡಿ ಬಣ್ಣದ ಜಾಗ ಬರುತ್ತದೆ. ಲೀಟರಿಗೆ 100 ಚದರಡಿ ಹಿಡಿದರೆ ಒಂದು ಕೋಟ್‌ಗೇ 30ರಿಂದ 35 ಲೀಟರ್. ಇಡೀ ಮನೆಗೆ ಇಳಿಯುವ ಮುನ್ನ ಕೆಟ್ಟ ಕಡೆ ಎರಡಡಿ ಚೌಕದಲ್ಲಿ ಪ್ರೈಮರ್ ಹೊಡೆದು, ಮರುದಿನ ಬಿಳಿ ಎಮಲ್ಷನ್ ಒಂದು ಕೋಟ್ ಹಾಕಿ. ಇನ್ನೊಂದು ದಿನದಲ್ಲಿ ಹಳದಿ ಇಣುಕಿದರೆ ಎರಡನೇ ಕೋಟ್ ಪ್ರೈಮರ್ ಬೇಕೇ ಬೇಕು.

ಗೋಡೆ ಸರಿಯಾದರೂ ವಾಸನೆ ಇದೆ ಅನ್ನುವವರ ಮನೆಯಲ್ಲಿ ಮೊದಲು ನೋಡಬೇಕಾದ್ದು ಎಸಿ. ಫಿಲ್ಟರ್ ತೊಳೆದರೆ ಸಾಲದು, ಕೂಲಿಂಗ್ ಕಾಯಿಲ್, ಬ್ಲೋವರ್, ಡ್ರೈನ್ ಟ್ರೇ ಮೂರನ್ನೂ ಜೆಟ್ ಪಂಪಿನಲ್ಲಿ ತೊಳೆಸಿ. ಆಮೇಲೆ ಫಾಲ್ಸ್ ಸೀಲಿಂಗ್‌ನ ಅಂಚಿನಲ್ಲಿ ಲೈಟ್ ಅಡಗಿಸಿಟ್ಟ ಗುಂಡಿ (ಕೋವ್), ಸೊಳ್ಳೆ ಮೆಶ್, ಡ್ರಾಯರ್ ಅಡಿಯ ಲ್ಯಾಮಿನೇಟ್ ಇಲ್ಲದ ಪ್ಲೈವುಡ್. ಆ ಪ್ಲೈವುಡ್‌ಗೆ ಒರೆಸಿ ಒಣಗಿಸಿ ಎರಡು ಕೋಟ್ ಅರಗು.

ವಾಸನೆ ತೆಗೆಯಲು ಓಝೋನ್ ಅನಿಲ ಬಿಡುವ ಯಂತ್ರ ಬಾಡಿಗೆಗೆ ತಂದು ಕೈ ತೊಳೆದುಕೊಳ್ಳುವವರಿದ್ದಾರೆ. ಆ ಅನಿಲ ಟಾರ್ ಪದರದ ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ, ಶ್ವಾಸಕೋಶಕ್ಕೂ ರಬ್ಬರ್ ಸಾಮಾನಿಗೂ ಕೆಡುಕು. ತೊಳೆಯದ ಮನೆಗೆ ಅದು ದುಡ್ಡು ದಂಡ.

ಪರದೆ, ಸೋಫಾ, ಹಾಸಿಗೆ "ಫ್ರೀಯಾಗಿ ಬಿಟ್ಟು ಹೋಗ್ತೀವಿ" ಅಂದರೆ ಒಪ್ಪಬೇಡಿ. ಅವನ್ನು ಮಾಲೀಕರೇ ತೆರವು ಮಾಡಬೇಕು ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ತೊಳೆಯುವ ಕೂಲಿ, ಪ್ರೈಮರ್, ಎಸಿ ಸರ್ವಿಸ್ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದ ಎಸ್ಟಿಮೇಟ್ ಕೈಯಲ್ಲಿದ್ದರೆ ಬೆಲೆ ಇಳಿಸಲು ಕೂರಬಹುದು. ಬರೀ "ವಾಸನೆ ಬರ್ತಿದೆ" ಅಂದರೆ ಬ್ರೋಕರ್ ಕಿಟಕಿ ತೆಗೆಯುತ್ತಾನೆ, ಅಷ್ಟೇ.